ಚಂದ್ರನ ಮೇಲಿನ ಸಂಕಷ್ಟಿ

ನಮ್ಮ ಕನ್ನಡ ಬಳಗದ ದೀಪಾವಳಿ ಸಂಚಿಕೆಯ ಸಂಪಾದಕರು ಮೊನ್ನೆ ಫೋನ್ ಮಾಡಿ, "ವೈನಿ, ಶುಕ್ರವಾರದೊಳಗ ಕಥಿ ಕಳಸ್ರಿ. ಅದರ ಜೋಡಿ ಅದನ್ನ ಹೇಳಿ ಬರೆಸಿದವರ ಬಗ್ಗೆ ನಾಲ್ಕು ಪುಟ ನೀವೇ ಬರೀರಿ. ತೀರಿಹೋದವರು, ಛಲೋದನ್ನಷ್ಟೇ ಬರೀರಿ ಮತ್ತ" ಎಂದರು.

ಛಲೋದನ್ನಷ್ಟೇ ಬರೆದರೆ ಅರ್ಧ ಪುಟಕ್ಕೆ ಮುಗಿಯುತ್ತದೆ. ಉಳಿದದ್ದೆಲ್ಲ ನನ್ನ ಸಿಟ್ಟು. ಮೂರು ವರ್ಷ, ಮಧ್ಯಾಹ್ನ ಸ್ವಲ್ಪ ಅಡ್ಡಾಗುವ ನನ್ನ ಹೊತ್ತನ್ನು ಆ ಒಂದು ಕಥೆಗೆ ಕೊಟ್ಟಿದ್ದೇನೆ. ಕಥೆ ಅಚ್ಚಾಗುವ ಮೊದಲೇ ಅದನ್ನು ಹೇಳಿದವರು ಎದ್ದು ಹೋದರು. ಕೊನೆಯ ಪುಟ ನನ್ನ ಮುಂದಿದೆ. ಅದನ್ನು ಇದ್ದ ಹಾಗೆ ಕಳಿಸಬೇಕೋ, ನನಗೆ ಸರಿಕಂಡಂತೆ ತಿದ್ದಿ ಕಳಿಸಬೇಕೋ ಇನ್ನೂ ತಿಳಿಯುತ್ತಿಲ್ಲ. ಅವರಿದ್ದಿದ್ದರೆ ಮೇಲೆ ಹೋಗಿ ಜಗಳವಾಡಿ ಬರುತ್ತಿದ್ದೆ, ಆ ಅನುಕೂಲವೂ ಈಗಿಲ್ಲ.

ಅವರು ನಮ್ಮ ಮೇಲಿನ ಮನೆಯವರು. ಪುಣೆಯ ಕೋಥರೂಡಿನ ಈ ಸೊಸೈಟಿಯಲ್ಲಿ ನಮ್ಮದು ಮೂರನೆಯ ಮಹಡಿ, ಅವರದು ನಾಲ್ಕನೆಯದು. ಹೆಸರು ಬರೆಯುವುದಿಲ್ಲ. ಕಥೆಯ ಮೇಲೂ ಬೇಡವೆಂದಿದ್ದರು. "ಪಾಸಾದ ಭಾಗದ ಮ್ಯಾಲೆ ಇನ್‌ಸ್ಪೆಕ್ಟರನ ಹೆಸರು ಇರೋದಿಲ್ರಿ ವೈನಿ. ಒಂದು ಸಣ್ಣ ಶಿಕ್ಕಾ ಇರ್ತದ, ಅಷ್ಟ" ಎನ್ನುತ್ತಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ, ಅವರು ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಕೂಡಿಸಿ ನೋಡಿದರೆ ಆ ಸಂಬಂಧ ಎಲ್ಲಿಯೂ ಕೂಡುವುದಿಲ್ಲ. ಪ್ರಪಂಚದ ಎಲ್ಲವನ್ನೂ ಅಳೆದು ತಪ್ಪು ಹುಡುಕಿದ ಮನುಷ್ಯ, ಇದೊಂದನ್ನು ಯಾಕೋ ಹಾಗೇ ಬಿಟ್ಟಿದ್ದರು.

ಚಾಕಣದ ಕಡೆಯ ಒಂದು ಕಾರ್ಖಾನೆಯಲ್ಲಿ ಅವರ ಕೆಲಸ. ಅಲ್ಲಿ ಕಾರಿನ ಭಾಗಗಳ ಜೊತೆಗೆ, ಬೇರೆಯದೇ ಒಂದು ಶೆಡ್ಡಿನಲ್ಲಿ, ರಾಕೆಟ್ಟಿಗೆ ಬೇಕಾಗುವ ಉಂಗುರ, ಕವಾಟಗಳನ್ನೂ ಮಾಡುತ್ತಿದ್ದರಂತೆ. ತಯಾರಾಗಿ ಬಂದದ್ದನ್ನು ಅಳೆದು ಪಾಸು ಮಾಡುವುದು, ಇಲ್ಲವೆ ರಿಜೆಕ್ಟ್ ಮಾಡುವುದು ಇವರ ಪಾಲಿನದು. ಡ್ರಾಯಿಂಗಿನಲ್ಲಿ ಅಳತೆ ಇರುತ್ತಿತ್ತು, ಆ ಭಾಗ ಎಲ್ಲಿ ಹೋಗಿ ಕೂಡುತ್ತದೆ ಎಂಬುದು ಇರುತ್ತಿರಲಿಲ್ಲ. "ಮೂವತ್ತು ವರ್ಷ ಉಂಗುರ ನೋಡಿದೆ, ಬೆರಳು ನೋಡಲಿಲ್ಲ" ಎನ್ನುತ್ತಿದ್ದರು. ಕಾಣದ್ದನ್ನು ಮನಸ್ಸಿನಲ್ಲೇ ಮಾಡಿಕೊಳ್ಳುತ್ತ ಹೋದರಂತೆ. ಕಂಪನಿಯ ಬಸ್ಸಿನಲ್ಲಿ ಹೋಗುತ್ತ ಬರುತ್ತ, ಈ ಉಂಗುರ ಎಲ್ಲಿಗೆ ಹೋಗಿರಬಹುದು, ಯಾರ ಕಾಲಡಿ ಇರಬಹುದು, ಅದು ಸಡಿಲಾದರೆ ಏನಾಗಬಹುದು ಎಂದು ಯೋಚಿಸುವುದೇ ಅವರ ಕಥೆಗಳ ಹುಟ್ಟು. ಬರೆದಿರಲಿಲ್ಲ, ತಲೆಯಲ್ಲಿಟ್ಟುಕೊಂಡಿದ್ದರು. ನಿವೃತ್ತಿಯಾಗಿ ಬರೆಯಬೇಕೆನ್ನುವಷ್ಟರಲ್ಲಿ ಕೈ ನಡುಗತೊಡಗಿತು. ಪೆನ್ನು ಹಿಡಿದರೆ ಅಕ್ಷರ ಇರುವೆ ಸಾಲಿನಂತೆ ಎತ್ತಲೋ ಹೋಗುತ್ತಿತ್ತು.

ಎಂಥ ಕಣ್ಣು ಅಂತೀರಿ! ಒಮ್ಮೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಚಪಾತಿಯನ್ನು ಬೆಳಕಿಗೆ ಹಿಡಿದು, "ನಡುವ ದಪ್ಪ, ಅಂಚಿಗೆ ತೆಳ್ಳಗ. ನಿಮ್ಮ ಲಟ್ಟಣಿಗಿ ನಡುವ ಸವದದ ನೋಡ್ರಿ" ಎಂದರು. ಅವರ ಹೆಂಡತಿಗೆ ನಾನು ಕಾಕು ಎನ್ನುತ್ತೇನೆ. ಅವರು ಕೂಡಲೇ, "ನನ್ನನ್ನ ನೋಡಾಕ ಬಂದಾಗೂ ಕಿಸೆದಾಗ ಸ್ಕೇಲ್ ಇತ್ತವಾ. ಯಾವ ಪುಣ್ಯಕ್ಕ ಪಾಸಾದೆನೋ" ಎಂದರು. ನಾವೆಲ್ಲ ನಕ್ಕೆವು. ಮರುದಿನ ಲಟ್ಟಣಿಗೆ ಬದಲಿಸಿದೆ, ಚಪಾತಿ ಸರಿಯಾಯಿತು. ಅವರು ಹೇಳಿದ್ದು ತಪ್ಪಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಈ ಕಥೆಯ ಬೀಜ ಬಿದ್ದದ್ದು ನನ್ನ ಅಡುಗೆಮನೆಯ ಕ್ಯಾಲೆಂಡರಿನಿಂದ. ಪ್ರತಿ ವರ್ಷ ನನ್ನ ಅಣ್ಣ ಧಾರವಾಡದಿಂದ ಕನ್ನಡ ಕ್ಯಾಲೆಂಡರು ಸುರುಳಿ ಸುತ್ತಿ ಕಳಿಸುತ್ತಾನೆ. ನಾನು ತಪ್ಪದೆ ಸಂಕಷ್ಟಿ ಮಾಡುವವಳು. ಹುಣ್ಣಿಮೆಯಾದ ನಾಲ್ಕನೆಯ ದಿನ, ಚೌತಿಗೆ, ಹಗಲೆಲ್ಲ ಉಪವಾಸ ಇದ್ದು, ಚಂದ್ರ ಹುಟ್ಟಿದ ಮೇಲೆ ಅವನನ್ನು ನೋಡಿ, ಅರ್ಘ್ಯ ಬಿಟ್ಟು, ಗಣಪತಿಗೆ ನೈವೇದ್ಯ ತೋರಿಸಿ ಉಣ್ಣಬೇಕು. ಆದರೆ ನಮ್ಮ ಎದುರಿಗೆ ಹನ್ನೆರಡು ಅಂತಸ್ತಿನ ಕಟ್ಟಡ ಎದ್ದ ಮೇಲೆ ಚಂದ್ರ ಅದನ್ನು ಹತ್ತಿ ಇಳಿದು ಬರುವಷ್ಟರಲ್ಲಿ ನನ್ನ ತಲೆ ಸುತ್ತುತ್ತಿತ್ತು. ಹಾಗಾಗಿ ಕ್ಯಾಲೆಂಡರಿನಲ್ಲಿ ಅಚ್ಚಾದ ಚಂದ್ರೋದಯದ ಹೊತ್ತು ನೋಡಿ, ಪೂರ್ವಕ್ಕೆ ಕೈಮುಗಿದು ಉಣ್ಣುವ ರೂಢಿ ಮಾಡಿಕೊಂಡಿದ್ದೆ. ಅಷ್ಟು ಅನುಕೂಲ ಕೊಟ್ಟನಲ್ಲ ದೇವರು ಎಂದು ಸಮಾಧಾನವೂ ಇತ್ತು.

ಒಂದು ಸಂಕಷ್ಟಿಯ ದಿನ ಮೇಲಿನ ಮನೆಗೆ ಮೋದಕ ಕೊಡಲು ಹೋದೆ. ಕಾಕಾ ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಊಟ ಆತೇನ್ರಿ?"

"ಆತ್ರಿ ಕಾಕಾ."

"ಚಂದ್ರ ಇನ್ನೂ ಹುಟ್ಟೇ ಇಲ್ಲಲ್ರಿ?"

ನನ್ನ ಜೊತೆಗೇ ಇಳಿದು ಬಂದು ಅಡುಗೆಮನೆಗೆ ಹೊಕ್ಕು, ಭೂತಗನ್ನಡಿ ತೆಗೆದು, ಕ್ಯಾಲೆಂಡರಿನ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣಗೆ ಅಚ್ಚಾಗಿದ್ದ ಸಾಲನ್ನು ಓದಿ ತೋರಿಸಿದರು. ಅದರಲ್ಲಿದ್ದ ಹೊತ್ತೆಲ್ಲ ಬೆಂಗಳೂರಿನದು. ಬೆಂಗಳೂರು ನಮಗಿಂತ ಪೂರ್ವಕ್ಕಿದೆ, ಅಲ್ಲಿ ಚಂದ್ರ ಮೊದಲು ಹುಟ್ಟುತ್ತಾನೆ, ಪುಣೆಗೆ ಆಮೇಲೆ ಬರುತ್ತಾನೆ. ಎದುರಿನ ಕಟ್ಟಡ ಎದ್ದ ಮೇಲಿನ ಹದಿನಾಲ್ಕು ವರ್ಷ ಬೆಂಗಳೂರಿನ ಚಂದ್ರನಿಗೆ ಕೈಮುಗಿದು ನಾನು ಪುಣೆಯಲ್ಲಿ ಉಂಡಿದ್ದೆ.

"ಹದಿನಾಲ್ಕು ವರ್ಷಕ್ಕ ನೂರಾ ಎಪ್ಪತ್ತಮೂರು ಸಂಕಷ್ಟಿ" ಎಂದರು ಕಾಕಾ, ಬೆರಳು ಮಡಿಸದೆ. "ಎಲ್ಲಾ ರಿಜೆಕ್ಟ್."

ನನಗೆ ಅಳುವೇ ಬಂತು. ನನ್ನ ಯಜಮಾನರು ಒಳಗಿನ ಕೋಣೆಯಿಂದ, "ಬೆಂಗಳೂರಿನ ಗಣಪತಿಗೆ ಮುಟ್ಟಿರ್ತದ ಬಿಡ" ಎಂದು ನಗೆಯಾಡಿದರು. ಮರುದಿನ ಗುರುಗಳಿಗೆ ಫೋನ್ ಮಾಡಿ ಕೇಳಿದೆ. ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ ಎಂದರು. ಅಷ್ಟಾದರೂ ದಯೆ. ಆದರೆ ಅದಕ್ಕಿಂತ ಮುಂಚೆಯೇ, ಬೆಳಗಿನ ಹಾಲು ಬರುವಷ್ಟರಲ್ಲಿ, ಕಾಕಾ ಒಂದು ಹಾಳೆ ಹಿಡಿದು ಬಂದಿದ್ದರು. ಯಾವ ತಿಂಗಳು ಎಷ್ಟು ನಿಮಿಷದ ತಪ್ಪು ಎಂದು ನಡುಗುವ ಕೈಯಲ್ಲಿ ಗೆರೆ ಹಾಕಿ ಬರೆದಿದ್ದರು. ಕಾರ್ತಿಕದ ಸುಮಾರಿಗೆ ನಾಲ್ಕೈದು ನಿಮಿಷ, ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಮೇಲೆ.

"ಇಷ್ಟು ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾಲ್ಕೈದು ನಿಮಿಷದ್ದು ಟಾಲರನ್ಸ್‌ನಾಗ ಬರ್ತದ. ಅಷ್ಟು ಹೆಚ್ಚುಕಡಿಮಿ ನಡೀತದ, ಅವನ್ನ ಪಾಸ್ ಮಾಡೋಣು" ಎಂದರು. ಅವರ ಮಟ್ಟಿಗೆ ಅದು ಸಾಂತ್ವನ.

ನನಗೆ ಮೈ ಉರಿಯಿತು. "ಅಷ್ಟು ಲೆಕ್ಕ ಬಲ್ಲವರು ಇದನ್ನ ಹೇಳ್ರಿ ನೋಡೋಣು. ನಾಳೆ ಚಂದ್ರನ ಮ್ಯಾಲೆ ಮನಿ ಕಟ್ತಾರಂತಲ್ಲ, ಅಲ್ಲಿ ಸಂಸಾರ ಮಾಡಾಕ ಹೋದಾಕಿ ಸಂಕಷ್ಟಿ ಉಪವಾಸ ಹೆಂಗ ಬಿಡಬೇಕು? ಆಕಿಗೆ ಚಂದ್ರ ಎಲ್ಲಿ ಹುಟ್ತಾನ?"

ಕಾಕಾ ಬಾಗಿಲಲ್ಲೇ ನಿಂತುಬಿಟ್ಟರು. ಹಾಳೆ ಮಡಿಚಿಕೊಂಡು ಮೇಲೆ ಹೋದರು. ನಾಲ್ಕು ದಿನ ಕಾಣಲಿಲ್ಲ. ಐದನೆಯ ದಿನ ಒಂದು ದೊಡ್ಡ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ನಾನು ದಿನಾ ರಾಮನಾಮ ಬರೆಯುವವಳು, ಅಕ್ಷರ ದುಂಡಗಿದೆ ಎಂದು ಕಾಕು ಹೇಳಿದ್ದರಂತೆ.

"ಬರ್ಕೊಳ್ರಿ ವೈನಿ. ಕಥಿ ಸಿಕ್ತು."

ಹೀಗೆ ಶುರುವಾಯಿತು. ಮಧ್ಯಾಹ್ನ ಮೂರಕ್ಕೆ ನಾನು ಮೇಲೆ ಹೋಗುವುದು, ಅವರು ಹೇಳುವುದು, ನಾನು ಬರೆಯುವುದು. ಮೊದಲ ದಿನ ಬರೆಸುವ ಬದಲು ನನ್ನನ್ನು ಊಟದ ಟೇಬಲ್ಲಿನ ಸುತ್ತ ನಡೆಸಿದರು. "ಟೇಬಲ್ ಭೂಮಿ, ನೀವು ಚಂದ್ರ. ಮುಖ ಟೇಬಲ್ ಕಡೆನ ಇರಲಿ, ಬೆನ್ನು ತಿರಗಸಬ್ಯಾಡ್ರಿ." ನಾನು ಅಡ್ಡಡ್ಡ ಹೆಜ್ಜೆ ಇಡುತ್ತ ಒಂದು ಸುತ್ತು ಬಂದೆ. ಕಾಕು ಬಂದು ನೋಡಿ, "ಇದೇನವಾ, ನನ್ನ ಟೇಬಲ್ಲಿಗೆ ಪ್ರದಕ್ಷಿಣಿ?" ಎಂದರು.

"ಈಗ ಹೇಳ್ರಿ, ಟೇಬಲ್ ನಿಮಗ ಹುಟ್ಟಿತೋ, ಮುಳಗಿತೋ?"

"ಎಲ್ಲಿದ್ರಿ ಹುಟ್ಟೋದು, ಮುಳಗೋದು? ಎದುರಿಗೇ ಇತ್ತಲ್ಲ."

"ಅಷ್ಟ! ನಮಗ ಕಾಣೋ ಚಂದ್ರನ ಮುಖದ ನಡುವ ಕುಂತಾಕಿಗೆ ಭೂಮಿ ತಲಿ ಮ್ಯಾಲೆ ನಿಂತಲ್ಲೇ ನಿಂತಿರ್ತದ. ಏಳೂದಿಲ್ಲ, ಮುಳಗೂದಿಲ್ಲ. ಆಕಿ ಯಾವುದು ಹುಟ್ಟಿತಂತ ಉಣ್ಣಬೇಕು?"

ನಾನು ಅದುವರೆಗೆ ವಿಜ್ಞಾನದ ಕಥೆ ಎಂದರೆ ಟೀವಿಯಲ್ಲಿ ಬರುವ ಢಂ ಢಮಾರ್ ಎಂದುಕೊಂಡಿದ್ದೆ. ಅದನ್ನು ಹಚ್ಚಿದರೆ ಕಾಕಾ ಎದ್ದು ಬಂದ್ ಮಾಡುತ್ತಿದ್ದರು. "ಗಾಳಿ ಇಲ್ಲದಲ್ಲಿ ಸಪ್ಪಳ ಹೆಂಗ ಬರ್ತದ್ರಿ? ಇವರಿಗೆ ಒಬ್ಬ ಇನ್‌ಸ್ಪೆಕ್ಟರ್ ಸಿಗಲಿಲ್ಲೇನು?" ಹಾಗೆಂದು ನಮ್ಮ ಭಜನಿ ಮಂಡಳಿಯ ಹೆಂಗಸರು ವಿಮಾನ, ಗಿಮಾನ ಎಲ್ಲ ನಮ್ಮ ಹಿರಿಯರೇ ಮಾಡಿದ್ದರು ಎಂದಾಗಲೂ ಬಿಡಲಿಲ್ಲ. "ಡ್ರಾಯಿಂಗ್ ಅದ ಏನ್ರಿ?" ಎಂದರು. ದೇವರ ವಿಷಯಕ್ಕೆ ಮಾತ್ರ ಬರುತ್ತಿರಲಿಲ್ಲ. ಕೇಳಿದರೆ, "ಅದನ್ನ ಅಳಿಯಾಕ ನನ್ನ ಹತ್ರ ಗೇಜ್ ಇಲ್ರಿ" ಎನ್ನುತ್ತಿದ್ದರು. ಕಥೆಯ ಬಗ್ಗೆ ಅವರದು ಒಂದೇ ಮಾತು: "ಖರೇ ಎಲ್ಲಿ ತನಕ ಅದನೋ ಅಲ್ಲಿ ತನಕ ನಡಕೋತ ಹೋಗಬೇಕು. ಅದು ಮುಗದಲ್ಲಿಂದ ಕಥಿ ಹಾರಬೇಕು. ನಡಕೋತ ಹೋಗದಾಂವಗ ಎಲ್ಲಿಂದ ಹಾರಬೇಕಂತ ಹೆಂಗ ಗೊತ್ತಾಗಬೇಕು?"

ಅದಕ್ಕೇ ಪ್ರತಿ ಪುಟದ ಅಂಚಿನಲ್ಲಿ "ಮೂಲ" ಎಂದು ಬರೆಯಿಸುತ್ತಿದ್ದರು. ಈ ಸಂಗತಿ ಯಾವ ವರದಿಯಿಂದ, ಯಾವ ಪತ್ರಿಕೆಯಿಂದ, ಯಾರ ಬಾಯಿಂದ ಬಂತು ಎಂಬುದು ಅಲ್ಲಿರಬೇಕು. ಉಪವಾಸದಲ್ಲಿ ಸಾಬೂದಾಣಿ ನಡೆಯುತ್ತದೆ, ಗೋಧಿ ನಡೆಯುವುದಿಲ್ಲ ಎಂಬುದರ ಪಕ್ಕದಲ್ಲಿ "ಮೂಲ: ಕೆಳಗಿನ ಮನೆ ವೈನಿ" ಎಂದು ನನ್ನ ಕೈಯಿಂದಲೇ ಬರೆಸಿದರು. ನಾಸ್ತಿಕರಂತೆ ಕಾಣುವ ಆ ಮನುಷ್ಯ, ಶೇಂಗಾ ಹುರಿದದ್ದೋ ಹಸಿಯದೋ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದರು.

ಒಂದು ದಿನ ಬರೆಯುತ್ತಿದ್ದಾಗ ಸುಮ್ಮನೆ ಕೇಳಿದೆ, ಸಂಕಷ್ಟಿಯ ದಿನ ಅಲ್ಲಿಂದ ಭೂಮಿ ಹೇಗೆ ಕಾಣುತ್ತದೆ ಎಂದು. ಇಲ್ಲಿಂದ ಚಂದ್ರ ಎಷ್ಟು ತುಂಬಿರುತ್ತಾನೋ ಅಲ್ಲಿಂದ ಭೂಮಿ ಅಷ್ಟು ಬರಿದಾಗಿರುತ್ತದೆ ಎಂದರು. ಸಂಕಷ್ಟಿಗೆ ಚಂದ್ರ ತುಂಬಿ ನಾಲ್ಕು ದಿನವಷ್ಟೇ ಆಗಿರುತ್ತದೆ. ಹಾಗಾಗಿ ಅಲ್ಲಿಯವರಿಗೆ ಭೂಮಿ ಅಮಾವಾಸ್ಯೆ ಕಳೆದ ನಾಲ್ಕನೆಯ ದಿನದ ಚಂದ್ರನಂತೆ ಕಾಣುತ್ತದೆ, ತೆಳ್ಳಗೆ, ಉಗುರಿನ ಹಾಗೆ.

"ಅಯ್ಯ ಶಿವನೆ, ಅದು ಗಣಪತಿ ಹಬ್ಬದ ಚೌತಿ ಚಂದ್ರ ಆತಲ್ರಿ! ಅದನ್ನ ನೋಡಬಾರದು. ನೋಡಿದ್ರ ಇಲ್ಲದ ಅಪವಾದ ಬರ್ತದ."

ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. ಕೈ ನಡುಕ ಜೋರಾಗಿ ಚಹಾದ ಕಪ್ಪು ಬಸಿಯಲ್ಲಿ ಕಟಕಟ ಎಂದಿತು. "ನೋಡಿ ಉಣ್ಣಬೇಕಾದ ದಿನಾನ ನೋಡಬಾರದ್ದು ಕಾಣ್ತದ! ವೈನಿ, ಇದನ್ನ ಯಾವ ವಿಜ್ಞಾನಿನೂ ನನಗ ಹೇಳತಿದ್ದಿಲ್ಲ." ಆ ಮಧ್ಯಾಹ್ನದ ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದೆ. ಛಲೋದನ್ನು ಬರೆಯಿರಿ ಎಂದರಲ್ಲ ಸಂಪಾದಕರು, ಆ ಅರ್ಧ ಪುಟ ಇದೇ.

ಕಥೆ ಓಡಿತು. ಚಂದ್ರನ ಮೇಲಿನ ಬಿಡಾರದಲ್ಲಿ ಒಬ್ಬ ಹೆಣ್ಣುಮಗಳು, ನೀರಿನ ಯಂತ್ರ ನೋಡಿಕೊಳ್ಳುವ ಇಂಜಿನಿಯರು. ಅರ್ಘ್ಯಕ್ಕೆಂದು ತನ್ನ ಪಾಲಿನ ಕುಡಿಯುವ ನೀರಿನಲ್ಲೇ ಒಂದು ಗುಟುಕು ಉಳಿಸಿಡುತ್ತಾಳೆ. ಅಲ್ಲಿ ಹನಿ ಹನಿಗೂ ಎಣಿಕೆ. ಒಂದು ದಿನ ಟಾಂಕಿಯಲ್ಲಿ ನೀರು ಕಡಿಮೆ ಬರುತ್ತದೆ, ಕದ್ದಳೆಂಬ ಅಪವಾದ ಇವಳ ಮೇಲೆ ಬೀಳುತ್ತದೆ. ನನಗೆ ಅವಳ ಮೇಲೆ ಎಷ್ಟು ಜೀವವಾಯಿತೆಂದರೆ, ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗ ಅವಳ ನೆನಪಾಗುತ್ತಿತ್ತು. ಬಳಗದ ಸಂಪಾದಕರಿಗೆ ಆ ವರ್ಷದ ದೀಪಾವಳಿಗೆ ಕೊಡುತ್ತೇವೆಂದು ಮಾತೂ ಆಗಿತ್ತು. ಅರವತ್ತನಾಲ್ಕು ಪುಟ ಶುದ್ಧ ಪ್ರತಿ ಮಾಡಿದ್ದೆ.

ಅಷ್ಟರಲ್ಲಿ ನಮ್ಮ ದೇಶದ ನೌಕೆ ಚಂದ್ರನ ದಕ್ಷಿಣದ ಕಡೆಗೆ ಹೋಗಿ ಇಳಿಯಿತು. ಆ ಸಂಜೆ ನಾನು ತುಪ್ಪದ ದೀಪ ಹಚ್ಚಿಟ್ಟು ಟೀವಿಯ ಮುಂದೆ ಕೂತಿದ್ದೆ. ಇಳಿದದ್ದೇ ತಡ, ಇಡೀ ಸೊಸೈಟಿ ಪಟಾಕಿ ಹೊಡೆಯಿತು, ಪೇಢೆ ಹಂಚಿತು. ಅವರ ಕಾರ್ಖಾನೆಯ ಉಂಗುರವೂ ಅದರಲ್ಲಿತ್ತೋ ಏನೋ ಎಂದು ಪೇಢೆ ತೆಗೆದುಕೊಂಡು ಮೇಲೆ ಓಡಿದೆ. ಕಾಕಾ ಮುಖ ಇಳಿಬಿಟ್ಟುಕೊಂಡು ಕೂತಿದ್ದರು.

"ನೀರು ಇರೋದು ಆ ಕಡೆ ಅಂತ ಎಲ್ಲಾರೂ ಅನ್ನಾಕತ್ತಾರ ವೈನಿ. ಇನ್ನ ಮನಿ ಕಟ್ಟೋದೂ ಅಲ್ಲೇ. ನಮ್ಮಾಕಿ ನಡುವ ಕುಂತು ಏನ್ ಮಾಡ್ತಾಳ?"

"ಕಥಿ ಅಲ್ರಿ ಅದು? ಅಲ್ಲೇ ಇರಲಿ ಬಿಡ್ರಿ."

"ಗೊತ್ತಿಲ್ಲದಾಗ ತಪ್ಪಾದ್ರ ತಪ್ಪು ಅಲ್ಲ. ಗೊತ್ತಾದ ಮ್ಯಾಲೆ ಪಾಸ್ ಮಾಡಿದ್ರ ಕಳವು."

ಕಾರ್ಖಾನೆಯಲ್ಲಿ ರಿಜೆಕ್ಟ್ ಆದ ಭಾಗವನ್ನು ಹಾಗೇ ಬಿಡುತ್ತಿರಲಿಲ್ಲವಂತೆ. ಯಾರೂ ಕೈತಪ್ಪಿ ಒಳ್ಳೆಯದರ ಜೊತೆ ಸೇರಿಸಬಾರದೆಂದು ಕತ್ತರಿಸಿ ಎರಡು ಮಾಡಿಬಿಡುತ್ತಿದ್ದರು. ನನ್ನ ಅರವತ್ತನಾಲ್ಕು ಪುಟಗಳನ್ನೂ ಹಾಗೇ, ನಾಲ್ಕು ನಾಲ್ಕು ಹಿಡಿದು, ನಡುಗುವ ಕೈಯಿಂದ ನಡುವೆ ಹರಿದರು. ಊರೆಲ್ಲ ಸಿಹಿ ತಿನ್ನುವ ಹೊತ್ತಿಗೆ ನಾನು ಅವರ ಹಾಲಿನಲ್ಲಿ ನಿಂತು ಆ ಸಪ್ಪಳ ಕೇಳಿದೆ. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡರು. ನಾನು ಪೇಢೆಯ ಡಬ್ಬಿ ಟೇಬಲ್ಲಿನ ಮೇಲಿಟ್ಟು ಕೆಳಗಿಳಿದು ಬಂದೆ. ಅತ್ತ ದೀಪಾವಳಿ ಸಂಚಿಕೆ ನಮ್ಮ ಕಥೆಯಿಲ್ಲದೆ ಬಂತು.

ಮತ್ತೆ ಮೊದಲಿನಿಂದ. ಯಾಕೆ ಹೋದೆ ಎಂದು ಕೇಳಿದರೆ, ಆ ಹೆಣ್ಣುಮಗಳು ಇನ್ನೂ ಉಪವಾಸವಿದ್ದಳು, ಅದಕ್ಕೆ. ಬೇರೆ ಕಾರಣವಿಲ್ಲ. ಈಗ ಬಿಡಾರ ದಕ್ಷಿಣ ಧ್ರುವದಲ್ಲಿ. ಅಲ್ಲಿಂದ ಭೂಮಿ ತಲೆಯ ಮೇಲಿರುವುದಿಲ್ಲ, ದಿಗಂತಕ್ಕೆ ಒರಗಿಕೊಂಡಿರುತ್ತದೆ. ಚಂದ್ರ ಸ್ವಲ್ಪ ಓಲಾಡುವುದರಿಂದ ಸುಮಾರು ಹದಿನೈದು ದಿನ ಗುಡ್ಡದ ಅಂಚಿನ ಮೇಲೆ ತಲೆ ಎತ್ತುತ್ತದೆ, ಹದಿನೈದು ದಿನ ಕೆಳಗಿಳಿದು ಮರೆಯಾಗುತ್ತದೆಯಂತೆ. ನನಗೆ ಖುಷಿಯಾಯಿತು.

"ಹಂಗಾದ್ರ ಭೂಮಿ ಹುಟ್ತದಲ್ರಿ! ಅದು ಹುಟ್ಟಿದ ಕೂಡಲೇ ಉಣ್ಣಲಿ, ಮುಗೀತು."

"ಅದು ತಿಥಿ ನೋಡಿ ಹುಟ್ಟೂದಿಲ್ರಿ. ಒಂದೊಂದು ಸಂಕಷ್ಟಿಗೆ ಇರ್ತದ, ಒಂದೊಂದಕ್ಕ ಇರೂದಿಲ್ಲ."

ಯಾವ ತಿಂಗಳಿಗೆ ಇರುತ್ತದೆ, ಯಾವ ತಿಂಗಳಿಗೆ ಇರುವುದಿಲ್ಲ ಎಂದು ತಿಂಗಳುಗಟ್ಟಲೆ ಗುಣಿಸಿದರು. ನನ್ನ ಯಜಮಾನರು, "ಚಂದ್ರನ ಮ್ಯಾಲೆ ಆಕಿ ಉಣ್ಣೂತನಕ ನಮ್ಮ ಮನ್ಯಾಗ ಮಧ್ಯಾಹ್ನದ ಚಹಾ ಇಲ್ಲ ಕಾಣಸ್ತದ" ಎನ್ನತೊಡಗಿದರು. ಇನ್ನೊಂದು ದೀಪಾವಳಿಯೂ ಹೋಯಿತು. ಸಂಪಾದಕರು ಫೋನ್ ಮಾಡುವುದನ್ನು ಬಿಟ್ಟರು. ಕಾಕಾರ ದನಿಯೂ ಇಳಿಯುತ್ತ ಬಂತು, ಒಂದು ಸಾಲು ಹೇಳಿ ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ಹಾಳೆ ಹರಿಯುವ ಶಕ್ತಿ ಇಲ್ಲವಾಯಿತು, ಅದೇ ಒಂದು ದಯೆ.

ಈ ವರ್ಷ ಆಷಾಢದ ಹೊತ್ತಿಗೆ ಕಥೆ ಕೊನೆಗೆ ಬಂತು. ಅಪವಾದ ತೀರಿತ್ತು, ಕೊಳವೆಯ ಒಂದು ಉಂಗುರ ಸಡಿಲಾಗಿ ನೀರು ಸೋರಿತ್ತೆಂದು ತಿಳಿದಿತ್ತು. ಉಳಿದದ್ದು ಒಂದೇ ಪುಟ. ಸಂಕಷ್ಟಿ, ಭೂಮಿ ಮರೆಯಲ್ಲಿದೆ, ಕಾಣುತ್ತಿಲ್ಲ, ಅವಳು ಹಸಿದಿದ್ದಾಳೆ. ಹೇಗೆ ಉಣ್ಣುತ್ತಾಳೆ?

"ಭೂಮಿ ಮ್ಯಾಲಿನ ತನ್ನವರನ್ನ ಯಾರನ್ನರ ಕೇಳಲಿ. ಚಂದ್ರ ಕಂಡನೇನು ಅಂತ" ಎಂದೆ.

"ಯಾಕ ಕೇಳಬೇಕು? ಆಕಿ ಇಂಜಿನಿಯರ್. ಪುಣೇದಾಗ ಚಂದ್ರ ಎಷ್ಟಕ್ಕ ಹುಟ್ತಾನ ಅನ್ನೋದು ಸೆಕೆಂಡಿನ ತನಕ ಆಕಿಗೆ ಗೊತ್ತದ."

"ಗೊತ್ತಿದ್ರೂ ಕೇಳ್ತಾರ್ರೀ."

"ಯಾಕ?"

"ಹಸದಿರ್ತಾರಲ್ಲ, ಅದಕ್ಕ."

"ಅದು ಕಾರಣ ಅಲ್ಲ ವೈನಿ. ಮೂಲ ಏನು? ಖರೇ ಖರೇ ಯಾರು ಹಂಗ ಮಾಡ್ಯಾರ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಹೇಳಬಹುದಿತ್ತು. ಆದರೆ ಮೂರು ವರ್ಷ ಬರೆದು ದಣಿದಿದ್ದೆ. ನನ್ನ ಜೀವದ ಸಂಗತಿಯನ್ನೂ ಈ ಮನುಷ್ಯ ಬೆಳಕಿಗೆ ಹಿಡಿದು ದಪ್ಪ ತೆಳ್ಳಗೆ ನೋಡುತ್ತಾರೆ ಎನ್ನಿಸಿತು. ಪೆನ್ನು ಮುಚ್ಚಿಟ್ಟು, "ನಿಮ್ಮಾಕಿಗೆ ನೀವೇ ಬಡಸ್ರಿ" ಎಂದು ಎದ್ದುಬಂದೆ.

ಮತ್ತೆ ಹೋಗಲಿಲ್ಲ. ಮೂರು ವಾರ ಪುಣೆಯಲ್ಲಿ ಬಿಡದ ಮಳೆ. ಕಾಕು ಲಿಫ್ಟಿನಲ್ಲಿ ಸಿಕ್ಕು, "ಬಾರವಾ, ಆ ಮುದುಕನ ಜೋಡಿ ಏನ್ ಹಟ?" ಎಂದರು. ಆ ಹೊತ್ತಿಗೆ ಶ್ರಾವಣದ ತಯಾರಿ ಇದೆ ಎಂದು ನೆಪ ಹೇಳಿದೆ. ಒಂದು ದಿನ ಅವರ ಕೈಯಲ್ಲಿ ಕಾಕಾ ಒಂದು ಚೀಟಿ ಕೊಟ್ಟು ಕಳಿಸಿದರು. ವಕ್ರ ವಕ್ರ ಅಕ್ಷರದಲ್ಲಿ ಒಂದೇ ಸಾಲು: "ಮೋಡವಿದ್ದು ಚಂದ್ರ ಕಾಣದಿದ್ದರೆ ನೀವು ಏನು ಮಾಡುತ್ತೀರಿ?" ಎರಡು ಸಲ ಓದಿದೆ. ರಾಜಿಗೆ ಬಂದಿದ್ದಾರೆ ಎಂದು ಗೊತ್ತಾಯಿತು. ಆದರೂ ಸಿಟ್ಟು ಇಳಿದಿರಲಿಲ್ಲ. ಚೀಟಿಯ ಹಿಂದೆ, "ಕ್ಯಾಲೆಂಡರ್ ನೋಡಿ ಉಣ್ಣುತ್ತೇವೆ" ಎಂದು ಬರೆದು ಕಳಿಸಿದೆ.

ಅದಾದ ವಾರಕ್ಕೆ ಅವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಹೋದಾಗ ಗಾಜಿನ ಆಚೆಯಿಂದ ನೋಡಲು ಮಾತ್ರ ಬಿಟ್ಟರು. ಕೈ ನಡುಗುತ್ತಿರಲಿಲ್ಲ. ಅದನ್ನು ಕಂಡೇ ನನಗೆ ಭಯವಾಯಿತು. ನಾಲ್ಕನೆಯ ದಿನ ಹೋದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕು ಕಥೆಯ ಫೈಲು ತಂದುಕೊಟ್ಟರು. "ನಿನಗ ಕೊಡಂತ ಹೇಳಿದ್ರವಾ. ಇದರಾಗಿಂದು ಒಂದೂ ಹರದಿಲ್ಲ ನೋಡು." ನನ್ನ ಅಕ್ಷರದ ಪುಟಗಳ ಕೊನೆಗೆ ಅವರದೇ ಕೈಬರಹದ ಒಂದು ಪುಟವಿತ್ತು. ನಾನು ಹೋಗದ ಆ ವಾರಗಳಲ್ಲಿ ತಾವೇ ಬರೆದದ್ದು. ಓದಲು ನನಗೆ ಮೂರು ದಿನ ಹಿಡಿಯಿತು. ಅದರಲ್ಲಿ ಆ ಹೆಣ್ಣುಮಗಳು ಯಾರನ್ನೂ ಕೇಳುವುದಿಲ್ಲ. ಗೋಡೆಯ ಮೇಲಿನ ಪರದೆಯಲ್ಲಿ ಪುಣೆಯ ಚಂದ್ರೋದಯದ ಹೊತ್ತು ನೋಡುತ್ತಾಳೆ, ಆ ಹೊತ್ತು ಆಗುತ್ತದೆ, ಉಣ್ಣುತ್ತಾಳೆ. ಅಷ್ಟೇ. ಕಲ್ಲಿನಂತೆ ಒಣಗಿದ ಕೊನೆ. ಅಂಚಿನಲ್ಲಿ ಬರೆದಿದ್ದರು: "ಮೂಲ: ಕೆಳಗಿನ ಮನೆ ವೈನಿ."

ಅವರ ಹಟವೆಂದು ನಾನು ಬೈಯುತ್ತಿದ್ದ ಆ ಕೊನೆ ನನ್ನದೇ ಚೀಟಿಯಿಂದ ಹುಟ್ಟಿತ್ತು. ಕೇಳಲು ಬಂದವರಿಗೆ ಒಣ ರೊಟ್ಟಿ ಎಸೆದವಳು ನಾನು. ಅವರು ಅದನ್ನೇ ನಂಬಿ, ಬರಹಕ್ಕೆ ಬಗ್ಗದ ಕೈಯಿಂದ ಬರೆದು ಇಟ್ಟು ಹೋದರು. ಈಗ ಯಾರ ಮೇಲೆ ಸಿಟ್ಟಾಗಲಿ?

ಇಷ್ಟು ಬರೆಯುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಕಥೆ ಅವರದು. ಕೊನೆಯ ಪುಟವನ್ನು ಒಂದಕ್ಷರ ತಿದ್ದದೆ ಶುದ್ಧ ಪ್ರತಿ ಮಾಡಿ ಕಳಿಸುತ್ತೇನೆ. ಸಂಪಾದಕರು ಅದನ್ನು ಸಿಹಿ ಮಾಡಲು ಹೋಗಬಾರದು. ಅಂಚಿನ ಮೂಲವನ್ನೂ ಅಚ್ಚು ಹಾಕಬೇಕು. ಆದರೆ ಆ ಮೂಲ ಅರ್ಧ ಸತ್ಯವನ್ನಷ್ಟೇ ಹೇಳಿದೆ. ಆ ಚೀಟಿಯ ಹಿಂದೆ ನಾನು ಬರೆಯಬೇಕಾಗಿದ್ದದ್ದನ್ನು, ಈ ನಾಲ್ಕು ಪುಟ ನನ್ನವಾದ್ದರಿಂದ, ಇಲ್ಲಿ ಬರೆಯುತ್ತೇನೆ.

ಮದುವೆಯಾಗಿ ಪುಣೆಗೆ ಬಂದ ಮೊದಲ ಮಳೆಗಾಲ. ಎದುರಿನ ಕಟ್ಟಡ ಆಗಿನ್ನೂ ಇರಲಿಲ್ಲ, ಆದರೆ ಎಂಟು ದಿನದಿಂದ ಆಕಾಶವೇ ಇರಲಿಲ್ಲ. ಸಂಕಷ್ಟಿ. ಚಂದ್ರೋದಯದ ಹೊತ್ತು ಕ್ಯಾಲೆಂಡರಿನಲ್ಲಿತ್ತು, ಅದು ದಾಟಿಯೂ ಹೋಗಿತ್ತು, ನನಗೆ ಗೊತ್ತಿತ್ತು. ಆದರೂ ಹೊಸ ಮನೆಯಲ್ಲಿ ಒಬ್ಬಳೇ ತಾಟು ಹಾಕಿಕೊಳ್ಳಲು ಕೈ ಬರಲಿಲ್ಲ. ಯಜಮಾನರು ಛತ್ರಿ ಹಿಡಿದು ಓಣಿಯ ತುದಿಯ ಎಸ್‌ಟಿಡಿ ಬೂತಿಗೆ ಕರೆದುಕೊಂಡು ಹೋದರು. ಧಾರವಾಡಕ್ಕೆ ಫೋನ್ ಹಚ್ಚಿದೆ.

"ಅವ್ವಾ, ಇಲ್ಲಿ ಮೋಡ. ನಿಮ್ಮ ಕಡೆ ಚಂದ್ರ ಕಂಡನೇನು?"

"ಕಂಡಾನವಾ, ಈಗ ನೋಡಿ ಬಂದೆ. ಬೆಳ್ಳಿ ತಾಟಿನಂಗ ಅದಾನ. ನೀ ಉಣ್ಣು."

ಬಂದು ಉಂಡೆ. ದಸರೆಗೆ ತವರಿಗೆ ಹೋದಾಗ ಮಾತಿನ ನಡುವೆ ಅಣ್ಣ, ಆ ವಾರ ಧಾರವಾಡದಲ್ಲಿಯೂ ಮಳೆ ಹಿಡಿದು ಚಂದ್ರನಿರಲಿ, ಸೂರ್ಯನೂ ಕಂಡಿರಲಿಲ್ಲ ಎಂದ. ನಾನು ಅವ್ವನ ಕಡೆ ತಿರುಗಿದೆ. ಅವಳು ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ನೀ ಉಂಡಿ ಇಲ್ಲೋ?" ಎಂದಳು.